ಮಳೆಗಾಲಕ್ಕೆ ಕೋವಿಗೆ ಯಾವ ಎಣ್ಣೆ? ಕರಾವಳಿಯವರಿಗೆ ಒಂದು ಹೋಲಿಕೆ

ದಕ್ಷಿಣ ಕನ್ನಡ, ಉಡುಪಿ ಕಡೆ ಲೈಸೆನ್ಸ್ ಇರುವ ಕೋವಿಗಳಲ್ಲಿ ಬಹಳಷ್ಟು ಬೆಳೆ ರಕ್ಷಣೆಗೆ ಅಂತ ಇಟ್ಟುಕೊಂಡವು. ಹಂದಿಯ ಹಿಂಡು ತೋಟಕ್ಕೆ ನುಗ್ಗಿದಾಗ ಒಂದೋ ಎರಡೋ ಈಡು. ಉಳಿದ ದಿನ ಅದು ಕಪಾಟಿನಲ್ಲಿ ಸುಮ್ನೆ ನಿಂತಿರುತ್ತದೆ. ಹಾಗಾಗಿ ನಮ್ಮ ಕೋವಿಗಳು ಸವೆದು ಹಾಳಾಗುವುದು ಕಡಿಮೆ, ತುಕ್ಕು ಹಿಡಿದು ಹಾಳಾಗುವುದೇ ಜಾಸ್ತಿ.

ಹುಡುಕಿದರೆ ಸಿಗುವ ಹೋಲಿಕೆಗಳೆಲ್ಲ ಹೆಚ್ಚಾಗಿ ಅಮೆರಿಕದವರದ್ದು. ಒಂದೇ ದಿನ ನೂರಾರು ಗುಂಡು ಹಾರಿಸುವವರು ಅವರು. ಅವರಿಗೆ ಬೇಕಾದ್ದು ಬಿಸಿಗೆ ಸುಟ್ಟುಹೋಗದೆ ಜಾರಿಸುವ ಎಣ್ಣೆ. ನಮಗೆ ಬೇಕಾದ್ದು ಆಟಿ ತಿಂಗಳಿಡೀ (ಜುಲೈ-ಆಗಸ್ಟ್) ಯಾರೂ ಮುಟ್ಟದಿದ್ದರೂ ಕಬ್ಬಿಣವನ್ನು ಕಾಯುವ ಒಂದು ಪದರ. ಅವರ ಪಟ್ಟಿಯಲ್ಲಿ ಮೊದಲ ಸ್ಥಾನ ಬಂದ ಡಬ್ಬಿ ನಮ್ಮ ಮನೆಗೆ ಸರಿಯಾಗಬೇಕು ಅಂತ ಏನಿಲ್ಲ.

ಎಣ್ಣೆಯ ವಿಷಯಕ್ಕೆ ಹೋಗುವ ಮೊದಲು ಒಂದು ಮಾತು. ಕೈಗೆತ್ತಿಕೊಂಡ ಕೂಡಲೇ ಕೋವಿ ಖಾಲಿ ಇದೆಯಾ ಅಂತ ಮಡಚಿ, ಕಣ್ಣಲ್ಲೇ ನೋಡಿ. ತೋಟೆಗಳನ್ನು (ಕಾರ್ಟ್ರಿಜ್) ಬೇರೆ ಕೋಣೆಯಲ್ಲಿ ಇಟ್ಟು ಆಮೇಲೆ ಬಟ್ಟೆ ಹಿಡಿಯಿರಿ. ಕೇಪಿನ ಕೋವಿಯಾದರೆ, ಅಂದರೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಬಗೆಯದ್ದಾದರೆ, ಗಜವನ್ನು (ಮದ್ದು ಜಡಿಯುವ ಕೋಲು) ನಳಿಗೆಯೊಳಗೆ ಇಳಿಸಿ. ತಳದವರೆಗೆ ಹೋಗದೆ ಸ್ವಲ್ಪ ಮೇಲೆಯೇ ನಿಂತರೂ ಒಳಗೆ ಮದ್ದು ಉಂಟು ಅಂತ ಅರ್ಥ.

ನಮ್ಮಲ್ಲಿ ತುಕ್ಕು ಯಾಕೆ ಇಷ್ಟು ಬೇಗ

ಗಾಳಿಯ ತೇವಾಂಶ ಸುಮಾರು 60 ಶೇಕಡಾ ದಾಟಿದ ಮೇಲೆ ಬರಿಗಬ್ಬಿಣಕ್ಕೆ ತುಕ್ಕು ಹಿಡಿಯುವ ವೇಗ ಜೋರಾಗುತ್ತದೆ. ಮಂಗಳೂರಿನಲ್ಲಿ ಜುಲೈ ತಿಂಗಳಿಡೀ ತೇವಾಂಶ 90ರ ಆಸುಪಾಸಿನಲ್ಲೇ ಇರುತ್ತದೆ. ಇದರ ಮೇಲೆ ಉಪ್ಪು. ತೇವಾಂಶ 75 ಶೇಕಡಾ ದಾಟಿತೆಂದರೆ ಉಪ್ಪು ಗಾಳಿಯ ನೀರನ್ನು ಎಳೆದುಕೊಂಡು ತಾನೇ ಕರಗುತ್ತದೆ. ಅಡುಗೆಮನೆಯ ಉಪ್ಪಿನ ಡಬ್ಬಿಯನ್ನು ಮಳೆಗಾಲದಲ್ಲಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಲ್ಪೆ, ಉಳ್ಳಾಲ, ಸುರತ್ಕಲ್ ಬದಿಯ ಮನೆಗಳಲ್ಲಿ ಕಿಟಕಿ ತೆರೆದಿಟ್ಟರೆ ಸಾಕು, ನಳಿಗೆಯ ಮೇಲೆ ಕಣ್ಣಿಗೆ ಕಾಣದಷ್ಟು ಉಪ್ಪು ಕೂತು ಅದು ಯಾವಾಗಲೂ ಒದ್ದೆಯಾಗಿಯೇ ಇರುತ್ತದೆ.

ಸುಳ್ಯ, ಬೆಳ್ತಂಗಡಿ, ಹೆಬ್ರಿ ಕಡೆಯವರು ಸಮುದ್ರ ದೂರ ಅಂತ ಸಮಾಧಾನ ಪಡಬಹುದು. ಆದರೆ ಘಟ್ಟದ ಬುಡದಲ್ಲಿ ಮಳೆ ಇನ್ನೂ ಜಾಸ್ತಿ. ಅಲ್ಲಿನ ಕೋವಿಗೆ ಉಪ್ಪು ಬರುವುದು ಕೈಯ ಬೆವರಿನಿಂದ. ನಳಿಗೆಯ ಮೇಲೆ ನಾಲ್ಕು ಬೆರಳಿನ ಗುರುತು ಹಾಗೇ ತುಕ್ಕಾಗಿ ಎದ್ದಿರುವುದನ್ನು ಎಷ್ಟೋ ಹಳೆಯ ಕೋವಿಗಳಲ್ಲಿ ನೋಡಬಹುದು.

ನಳಿಗೆಯ ಕಡು ನೀಲಿ-ಕಪ್ಪು ಬಣ್ಣ ಇದೆಯಲ್ಲ, ಅದು ಪೈಂಟ್ ಅಲ್ಲ. ಅದೂ ಕಬ್ಬಿಣದ ಒಂದು ಬಗೆಯ ಆಕ್ಸೈಡೇ. ತನ್ನಷ್ಟಕ್ಕೆ ತುಕ್ಕು ತಡೆಯುವ ಶಕ್ತಿ ಅದಕ್ಕೆ ಅಷ್ಟಾಗಿ ಇಲ್ಲ. ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಎಣ್ಣೆ ಆರಿದರೆ ಕಪ್ಪಿನ ಕೆಳಗಿಂದಲೇ ಕೆಂಪು ಹೊರಡುತ್ತದೆ.

ಮನೆಯಲ್ಲೇ ಇರುವ ಎಣ್ಣೆಗಳು

ಮೊದಲು ತೆಂಗಿನೆಣ್ಣೆ. ನಮ್ಮ ಕಡೆ ಬಾಗಿಲಿನ ಕೀಲಿನಿಂದ ಹಿಡಿದು ತಲೆಗೂದಲವರೆಗೆ ಎಲ್ಲದಕ್ಕೂ ಅದೇ, ಕೋವಿಗೂ ಅದನ್ನೇ ಹಚ್ಚುವ ಹಿರಿಯರು ಇದ್ದಾರೆ. ಬೇರೆ ಅಡುಗೆ ಎಣ್ಣೆಗಳಷ್ಟು ಬೇಗ ಅದು ಅಂಟಾಗುವುದಿಲ್ಲ, ಅದು ನಿಜ. ಆದರೆ ದಿನ ಕಳೆದಂತೆ ಕಮಟು ಹಿಡಿಯುತ್ತದೆ, ಅಂದರೆ ಅದರಲ್ಲಿ ಆಮ್ಲ ಬಿಡುಗಡೆಯಾಗುತ್ತದೆ. ಹಿತ್ತಾಳೆ ಭಾಗಕ್ಕೆ ತಾಗಿದಲ್ಲಿ ಹಸಿರು ಕಿಲುಬು ಏಳುವುದು ಇದರಿಂದಲೇ. ಇನ್ನೊಂದು ತೊಂದರೆ ಚಳಿಯದ್ದು. 24 ಡಿಗ್ರಿಯ ಕೆಳಗೆ ತೆಂಗಿನೆಣ್ಣೆ ಗಟ್ಟಿಯಾಗತೊಡಗುತ್ತದೆ. ಡಿಸೆಂಬರಿನ ಬೆಳಿಗ್ಗೆ ಬಾಟಲಿಯಲ್ಲಿ ಬಿಳಿಯಾಗಿ ಕೂರುವ ಆ ಎಣ್ಣೆ ಕೋವಿಯ ಬೀಗದ (ಟ್ರಿಗರ್, ಸ್ಪ್ರಿಂಗ್ ಇರುವ ಯಂತ್ರಭಾಗ) ಒಳಗೂ ಹಾಗೇ ಕೂರುತ್ತದೆ. ಟ್ರಿಗರ್ ಎಳೆದರೆ ಸೂಜಿ ಮೆಲ್ಲಗೆ ಹೋಗಿ ತೋಟೆಗೆ ಬಡಿಯುತ್ತದೆ, ಈಡು ಹಾರುವುದಿಲ್ಲ. ಸಾಲದ್ದಕ್ಕೆ ಜಿರಳೆ ಬೇರೆ. ಬೇರೇನೂ ಇಲ್ಲದ ದಿನ ಹೊರಮೈಗೆ ಒಂದು ರಾತ್ರಿಯ ಮಟ್ಟಿಗೆ ಹಚ್ಚಬಹುದು, ಬೀಗಕ್ಕೆ ಮಾತ್ರ ಬೇಡ.

ಗೇರೆಣ್ಣೆ ಮತ್ತು ಮೀನೆಣ್ಣೆಯ ಹೆಸರು ಹೇಳುವವರೂ ಇದ್ದಾರೆ. ದೋಣಿಯ ಮರಕ್ಕೆ ಹಚ್ಚಿ ಅಭ್ಯಾಸ ಇರುವವರು. ಮರಕ್ಕೆ ಅವು ಒಳ್ಳೆಯದೇ, ಯಾಕೆಂದರೆ ಒಣಗಿ ಗಟ್ಟಿ ಪದರ ಆಗುತ್ತವೆ. ಕೋವಿಯ ಬೀಗದಲ್ಲಿ ಅದೇ ಗುಣ ಮಾರಕ. ಗೇರೆಣ್ಣೆಯಂತೂ ಚರ್ಮವನ್ನೇ ಸುಡುತ್ತದೆ. ಬಿಟ್ಟುಬಿಡಿ ಮಾರಾಯ್ರೆ.

ಹೊಲಿಗೆ ಮೆಷಿನ್ ಎಣ್ಣೆ ಇವೆಲ್ಲಕ್ಕಿಂತ ಎಷ್ಟೋ ಮೇಲು. ಶುದ್ಧ ಖನಿಜ ಎಣ್ಣೆ, ಬಣ್ಣವಿಲ್ಲ, ಕಮಟು ಹಿಡಿಯುವುದಿಲ್ಲ, ಅಂಟಾಗುವುದಿಲ್ಲ. ಬೀಗದ ಸಣ್ಣ ಸಣ್ಣ ಕೀಲಿಗೆ ಒಂದೊಂದು ಹನಿ ಬಿಡಲು ಇದಕ್ಕಿಂತ ಅಗ್ಗದ ಒಳ್ಳೆಯ ಎಣ್ಣೆ ಹುಡುಕುವುದು ಕಷ್ಟ. ದೋಷ ಒಂದೇ. ತೀರಾ ತೆಳು. ನಿಂತ ನಳಿಗೆಯಿಂದ ಕೆಲವೇ ದಿನಗಳಲ್ಲಿ ಇಳಿದು ಹೋಗುತ್ತದೆ. ತುಕ್ಕು ತಡೆಯುವ ಬೆರಕೆಯೂ ಇದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹೊರಮೈಗೆ ಇದನ್ನೇ ನಂಬುವುದಾದರೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ಒರೆಸಿ ಹಚ್ಚುವ ಶಿಸ್ತು ಬೇಕು. ಅಷ್ಟು ಶಿಸ್ತು ಇದ್ದವರಿಗೆ ಯಾವ ಎಣ್ಣೆಯೂ ನಡೆಯುತ್ತದೆ, ಅದು ಬೇರೆ ಮಾತು.

ಬೈಕಿಗೆ ಹಾಕುವ 20ಡಬ್ಲ್ಯು-40 ಎಂಜಿನ್ ಆಯಿಲ್ ಬಗ್ಗೆ ಜನ ಮೂಗು ಮುರಿಯುತ್ತಾರೆ. ನನ್ನ ಲೆಕ್ಕದಲ್ಲಿ ಅದು ಅಷ್ಟು ಕೆಟ್ಟದ್ದಲ್ಲ. ದಪ್ಪ ಇದೆ, ನಿಲ್ಲುತ್ತದೆ, ತುಕ್ಕು ತಡೆಯುವ ರಾಸಾಯನಿಕಗಳನ್ನು ಕಂಪನಿಯವರೇ ಬೆರೆಸಿರುತ್ತಾರೆ. ಡಬ್ಬಿಯ ತಳದಲ್ಲಿ ಉಳಿದದ್ದು ಒಂದು ಕೋವಿಗೆ ವರ್ಷಗಟ್ಟಲೆ ಸಾಕು. ಕೈ, ಅಂಗಿ ಕೊಳೆಯಾಗುತ್ತದೆ ಅನ್ನುವುದೊಂದೇ ಕಿರಿಕಿರಿ. ಆದರೆ ಗ್ಯಾರೇಜಿನಲ್ಲಿ ಬಸಿದ ಕಪ್ಪು ಎಣ್ಣೆ ಬೇಡವೇ ಬೇಡ. ಅದರಲ್ಲಿ ಆಮ್ಲ, ನೀರು, ಲೋಹದ ಪುಡಿ ಎಲ್ಲ ಇರುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ.

ಸೀಮೆಎಣ್ಣೆ ತೊಳೆಯಲಿಕ್ಕೆ ಮಾತ್ರ. ಹಳೆಯ ಜಿಡ್ಡು ಬಿಡಿಸುತ್ತದೆ, ಆಮೇಲೆ ಆರಿ ಹೋಗುತ್ತದೆ. ಅದರಿಂದ ಒರೆಸಿ ಹಾಗೇ ಇಟ್ಟರೆ ಬರಿಗಬ್ಬಿಣ ಇಟ್ಟ ಹಾಗೆಯೇ.

ಡಬ್ಲ್ಯುಡಿ-40

ಹಾರ್ಡ್‌ವೇರ್ ಅಂಗಡಿಯಲ್ಲಿ ಕೋವಿಗೆ ಎಣ್ಣೆ ಕೇಳಿದರೆ ಮೊದಲು ಕೈಗೆ ಬರುವುದು ಈ ನೀಲಿ-ಹಳದಿ ಡಬ್ಬಿ. ಇದನ್ನು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ತಯಾರಿಸಿದ್ದು ಅಟ್ಲಾಸ್ ಕ್ಷಿಪಣಿಯ ಹೊರಮೈಯಲ್ಲಿ ನೀರು ನಿಲ್ಲದಂತೆ, ತುಕ್ಕು ಹಿಡಿಯದಂತೆ ಮಾಡಲು. ಆ ಕೆಲಸದಲ್ಲಿ ಇದು ಈಗಲೂ ಜೋರು. ಮಳೆಯಲ್ಲಿ ತೋಟ ಸುತ್ತಿ ಬಂದು ಕೋವಿಯಿಂದ ನೀರು ತೊಟ್ಟಿಕ್ಕುತ್ತಿದೆ ಅಂದರೆ ಮೊದಲು ಇದನ್ನೇ ಹೊಡೆಯಿರಿ. ಕೀಲಿನ ಸಂದಿ, ಸ್ಕ್ರೂವಿನ ತಲೆ, ಬೆರಳು ಹೋಗದ ಜಾಗದಿಂದಲೂ ನೀರನ್ನು ಹೊರಗೆ ತಳ್ಳುತ್ತದೆ.

ತಪ್ಪಾಗುವುದು ಅದಾದ ಮೇಲೆ. ಡಬ್ಬಿಯಲ್ಲಿರುವುದರಲ್ಲಿ ಹೆಚ್ಚಿನ ಪಾಲು ಆರಿ ಹೋಗುವ ದ್ರಾವಕ. ಉಳಿಯುವ ಪದರ ಬಹಳ ತೆಳು. ನಮ್ಮ ಜುಲೈಗೆ ಅದು ಸಾಲುವುದಿಲ್ಲ. ಆದ್ದರಿಂದ ಹೊಡೆದು, ಹತ್ತು ನಿಮಿಷ ಬಿಟ್ಟು, ಒಣ ಬಟ್ಟೆಯಲ್ಲಿ ಒರೆಸಿ, ಅದರ ಮೇಲೆ ನಿಜವಾದ ಎಣ್ಣೆ ಹಚ್ಚಬೇಕು. ಬೀಗದ ಒಳಗೆ ಮತ್ತೆ ಮತ್ತೆ ಹೊಡೆದು ಬಿಟ್ಟರೆ ಹಳೆಯ ಜಿಡ್ಡನ್ನು ಕರಗಿಸಿ ಇನ್ನೂ ಒಳಗೆ ಕೊಂಡುಹೋಗುತ್ತದೆ. ತೋಟೆಗಳ ಹತ್ತಿರ ಸ್ಪ್ರೇ ಮಾಡಲೇಬೇಡಿ. ಸಂದಿಗೆ ನುಗ್ಗುವ ಎಣ್ಣೆ ತೋಟೆಯ ಕೇಪಿಗೂ ನುಗ್ಗಿ ಅದನ್ನು ಸತ್ವ ಇಲ್ಲದ ಹಾಗೆ ಮಾಡಬಹುದು.

ಕೋವಿಗಾಗಿಯೇ ಬರುವ ಎಣ್ಣೆಗಳು

ಇದರಲ್ಲಿ ಎರಡು ಬಗೆ ತಿಳಿದಿದ್ದರೆ ಸಾಕು. ಒಂದು ಸಿಎಲ್‌ಪಿ. ತೊಳೆಯುವುದು, ಜಾರಿಸುವುದು, ಕಾಯುವುದು ಮೂರನ್ನೂ ಒಂದೇ ಬಾಟಲಿಯಲ್ಲಿ ಮಾಡುತ್ತೇವೆ ಅನ್ನುವ ಎಣ್ಣೆಗಳು. ಬ್ರೇಕ್-ಫ್ರೀ ಇದರಲ್ಲಿ ಹೆಸರಾದದ್ದು, ಅಮೆರಿಕದ ಸೈನ್ಯ ಬಳಸಿದ್ದು. ಮೂರು ಕೆಲಸವನ್ನೂ ತಕ್ಕಮಟ್ಟಿಗೆ ಮಾಡುತ್ತದೆ. ಯಾವುದನ್ನೂ ಅತ್ಯುತ್ತಮ ಅನ್ನುವ ಹಾಗೆ ಮಾಡುವುದಿಲ್ಲ. ಒಂದೇ ಬಾಟಲಿ ಇಟ್ಟುಕೊಳ್ಳುವೆ ಅನ್ನುವವರಿಗೆ ಸರಿ.

ಇನ್ನೊಂದು ಬ್ಯಾಲಿಸ್ಟಾಲ್. ಜರ್ಮನಿಯದ್ದು, 1904ರಿಂದ ಇದೆ. ಸೋಂಪಿನಂಥ ಒಂದು ಗಾಢ ವಾಸನೆ, ಕೆಲವರಿಗೆ ಆಗಿಬರುವುದಿಲ್ಲ. ಇದರ ವಿಶೇಷ ಏನೆಂದರೆ ನೀರಿನ ಜೊತೆ ಬೆರೆತು ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಮರಕ್ಕೂ ಚರ್ಮದ ಪಟ್ಟಿಗೂ ತೊಂದರೆ ಮಾಡುವುದಿಲ್ಲ. ಸ್ವಲ್ಪ ಕ್ಷಾರ ಗುಣ ಇರುವುದರಿಂದ ಬೆವರಿನ ಆಮ್ಲವನ್ನೂ ತಗ್ಗಿಸುತ್ತದೆ. ನಮ್ಮ ಹವೆಗೆ ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಇದನ್ನೇ ಹೇಳುವುದು, ಅದರಲ್ಲೂ ಮರ ಜಾಸ್ತಿ ಇರುವ ಹಳೆಯ ಜೋಡು ನಳಿಗೆಯ ಕೋವಿಗೆ. ಆದರೆ ಎರಡೂ ವಿದೇಶಿ ಮಾಲು, ಬೆಲೆ ಚುರುಕಾಗಿಯೇ ಇರುತ್ತದೆ. ವರ್ಷಕ್ಕೆ ಎರಡು ಈಡು ಹೊಡೆಯುವ ಕೋವಿಗೆ ಇದು ಅಗತ್ಯವೇ ಅಂದರೆ, ಅಗತ್ಯ ಇಲ್ಲ.

ಗ್ರಾಫೈಟ್ ಪುಡಿ ಹಾಕಿ ಅನ್ನುವ ಸಲಹೆಯೂ ಅಲ್ಲಲ್ಲಿ ಕೇಳಿಸುತ್ತದೆ. ಒಣ ಊರಿನ ಬೀಗಕ್ಕೆ ಸರಿ. ತೇವ ಇರುವಲ್ಲಿ ಗ್ರಾಫೈಟ್ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿದ್ದರೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಕರಾವಳಿಗೆ ಅದು ಸಲ್ಲದು.

ಗ್ರೀಸ್, ವ್ಯಾಸಲೀನ್, ಮೇಣ

ನನ್ನ ಪ್ರಕಾರ ನಮ್ಮವರು ಜಾಸ್ತಿ ಗಮನ ಕೊಡಬೇಕಾದ್ದು ಇಲ್ಲಿ.

ಮಡಚುವ ಕೋವಿಯಲ್ಲಿ ನಳಿಗೆ ತಿರುಗುವ ಪಿನ್ನು ಒಂದಿದೆ. ಭಾರವೆಲ್ಲ ಬೀಳುವುದು ಅದರ ಮೇಲೆ. ಅಲ್ಲಿಗೆ ಎಣ್ಣೆ ಸಾಲುವುದಿಲ್ಲ, ಗ್ರೀಸ್ ಬೇಕು. ಒಂದು ಅಕ್ಕಿ ಕಾಳಿನಷ್ಟು ಸಾಕು. ಮಾಮೂಲಿ ಲಿಥಿಯಂ ಗ್ರೀಸ್ ಆಗುತ್ತದೆ. ಬಂದರಿನ ಕಡೆ ಬೋಟ್ ಸಾಮಾನು ಮಾರುವ ಅಂಗಡಿಗಳಲ್ಲಿ ನೀರಿಗೆ ತೊಳೆದು ಹೋಗದ ಗ್ರೀಸ್ ಕೇಳಿ ನೋಡಿ, ಕ್ಯಾಲ್ಸಿಯಂ ಬಗೆಯದ್ದಾದರೆ ಇನ್ನೂ ಒಳ್ಳೆಯದು. ಸೋಡಿಯಂ ಬಗೆಯ ಗ್ರೀಸ್ ಮಾತ್ರ ನೀರಿಗೆ ಕರಗುತ್ತದೆ, ಅದು ಬೇಡ.

ಔಷಧಿ ಅಂಗಡಿಯಲ್ಲಿ ಸಿಗುವ ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ, ಅಂದರೆ ವ್ಯಾಸಲೀನ್, ಕೋವಿಯನ್ನು ತಿಂಗಳುಗಟ್ಟಲೆ ಎತ್ತಿಡುವಾಗ ಬಳಸಲು ಬಹಳ ಒಳ್ಳೆಯದು. ಬ್ರಿಟಿಷ್ ಸೈನ್ಯದವರು ರೈಫಲ್ ಎತ್ತಿಡುವಾಗ ಹಚ್ಚುತ್ತಿದ್ದದ್ದೂ ಇದೇ ಜಾತಿಯ ಖನಿಜ ಜೆಲ್ಲಿ. ಇಳಿದು ಹೋಗುವುದಿಲ್ಲ, ಆರುವುದಿಲ್ಲ, ಅಗ್ಗ. ನಳಿಗೆಯ ಒಳಗೂ ಹೊರಗೂ ಬಟ್ಟೆಯಲ್ಲಿ ತೆಳ್ಳಗೆ ಸವರಿದರೆ ಮಳೆಗಾಲ ದಾಟಬಹುದು. ತಗಡಿನ ಮಾಡಿನ ಕೆಳಗೆ ಏಪ್ರಿಲ್ ಬಿಸಿಲಿಗೆ ಸ್ವಲ್ಪ ಕರಗಿ ಜಾರುತ್ತದೆ, ಅಷ್ಟೇ. ದಿನಾ ಕೈಯಲ್ಲಿ ಹಿಡಿಯುವ ಕೋವಿಗೆ ಮಾತ್ರ ಇದು ಅನುಕೂಲವಲ್ಲ. ಜಾರುತ್ತದೆ, ಧೂಳು ಮೆತ್ತಿಕೊಳ್ಳುತ್ತದೆ.

ಅಂಥ ಕೋವಿಗೆ ಮೇಣ. ಮ್ಯೂಸಿಯಂನವರು ಹಳೆಯ ಕತ್ತಿ, ಕೋವಿಗೆ ಬಳಸುವ ರಿನೈಸಾನ್ಸ್ ವ್ಯಾಕ್ಸ್ ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಹಚ್ಚಿ ಒರೆಸಿದರೆ ಒಣ ಪದರ ಉಳಿಯುತ್ತದೆ, ಬೆರಳಿನ ಗುರುತು ಕಬ್ಬಿಣಕ್ಕೆ ತಲುಪುವುದಿಲ್ಲ. ಅದರ ಬದಲು ಕಾರಿನ ಪೇಸ್ಟ್ ವ್ಯಾಕ್ಸ್ ಕೂಡ ನಡೆಯುತ್ತದೆ. ಆದರೆ ಗೀರು ತೆಗೆಯುವ ಪಾಲಿಶ್ ಅಂತ ಬರೆದದ್ದನ್ನು ತರಬೇಡಿ, ಅದರಲ್ಲಿರುವ ಉಜ್ಜುವ ಪುಡಿ ನಳಿಗೆಯ ನೀಲಿಯನ್ನೇ ತೆಗೆದುಬಿಡುತ್ತದೆ. ಮೇಣ ಹೊರಮೈಗೆ ಮಾತ್ರ, ಚಲಿಸುವ ಭಾಗಕ್ಕಲ್ಲ. ಮುಂದಿನ ಮರದ ಹಿಡಿಯನ್ನು ಕಳಚಿ ಅದರ ಅಡಿಯ ನಳಿಗೆಗೂ ಹಚ್ಚಲು ಮರೆಯಬೇಡಿ. ಮರ ಒದ್ದೆಯನ್ನು ಹಿಡಿದಿಡುವುದು ಅಲ್ಲೇ, ಯಾರ ಕಣ್ಣಿಗೂ ಬೀಳದೆ ತುಕ್ಕು ಆಳಕ್ಕೆ ಇಳಿಯುವುದೂ ಅಲ್ಲೇ.

ಆಯುಧ ಪೂಜೆಗೂ ಮೇಣ ಉಪಯೋಗಕ್ಕೆ ಬರುತ್ತದೆ. ಗಂಧ ಅಂದರೆ ನೀರಿನಲ್ಲಿ ತೇಯ್ದದ್ದು. ಒದ್ದೆ ಗಂಧದ ಮೇಲೆ ಕುಂಕುಮ, ಅದರ ಮೇಲೆ ಸೇವಂತಿಗೆ. ಮರುದಿನದವರೆಗೆ ಹಾಗೇ ಬಿಟ್ಟರೆ ಬೊಟ್ಟಿನ ಆಕಾರದಲ್ಲೇ ಕಲೆ ಬೀಳುತ್ತದೆ. ಹಿಂದಿನ ದಿನ ಮೇಣ ಹಚ್ಚಿಟ್ಟು, ಬೊಟ್ಟನ್ನು ಮರದ ಮೇಲೆ ಇಟ್ಟು, ರಾತ್ರಿಯೇ ಒರೆಸಿದರೆ ದೇವರಿಗೂ ಬೇಸರವಿಲ್ಲ, ಕೋವಿಗೂ ಇಲ್ಲ.

ಕೇಪಿನ ಕೋವಿಯ ಲೆಕ್ಕ ಬೇರೆ

ಮೇಲೆ ಹೇಳಿದ್ದೆಲ್ಲ ತೋಟೆ ಕೋವಿಗೆ. ಕರಿಮದ್ದು ತುಂಬುವ ಕೇಪಿನ ಕೋವಿಗೆ ಎಣ್ಣೆಗಿಂತ ಮೊದಲು ನೀರು ಬೇಕು. ಕರಿಮದ್ದು ಸುಟ್ಟ ಮೇಲೆ ಉಳಿಯುವ ಮಸಿಯಲ್ಲಿ ಪೊಟ್ಯಾಸಿಯಂ ಲವಣಗಳು ಇರುತ್ತವೆ. ಅವು ಗಾಳಿಯಿಂದ ನೀರು ಹೀರುತ್ತವೆ, ನೀರಿನಲ್ಲಿ ಕರಗುತ್ತವೆ, ಎಣ್ಣೆಯಲ್ಲಿ ಕರಗುವುದಿಲ್ಲ. ಮಸಿಯ ಮೇಲೆಯೇ ಎಣ್ಣೆ ಸವರಿದರೆ ಡಾಮರಿನಂಥ ಅಂಟಾಗಿ ಅದರ ಅಡಿಯಲ್ಲಿ ತುಕ್ಕು ಬೆಳೆಯುತ್ತದೆ.

ಬಿಸಿನೀರು, ಸ್ವಲ್ಪ ಸೋಪು, ಗಜಕ್ಕೆ ಸುತ್ತಿದ ಹಳೆಯ ಪಂಚೆಯ ತುಂಡು. ಬಟ್ಟೆ ಬೆಳ್ಳಗೆ ಹೊರಬರುವವರೆಗೆ ತೊಳೆಯಬೇಕು. ಕೇಪು ಕೂರಿಸುವ ನಿಪ್ಪಲನ್ನು ಬಿಚ್ಚಿ ಬೇರೆಯಾಗಿ ತೊಳೆಯಿರಿ. ನೀರು ಚೆನ್ನಾಗಿ ಬಿಸಿಯಿದ್ದರೆ ನಳಿಗೆ ತಾನೇ ಬೇಗ ಆರುತ್ತದೆ. ಅದು ಇನ್ನೂ ಬೆಚ್ಚಗಿರುವಾಗಲೇ ಎಣ್ಣೆ ಹಚ್ಚುವುದು. ಇದನ್ನು ಈಡು ಹೊಡೆದ ದಿನವೇ ಮಾಡಬೇಕು. ಮಳೆಗಾಲದಲ್ಲಿ ನಾಳೆ ನೋಡುವ ಅಂತ ಬಿಟ್ಟರೆ ಬೆಳಿಗ್ಗೆ ಒಳಗೆ ಕೆಂಪು ಕಾಣುತ್ತದೆ. ನೀರಿನಲ್ಲಿ ಬೆರೆಸಿದ ಬ್ಯಾಲಿಸ್ಟಾಲ್ ಇಲ್ಲಿ ಸೋಪುನೀರಿನ ಜಾಗದಲ್ಲಿ ನಿಲ್ಲಬಲ್ಲದು. ಹಾಗೆ ಮಾಡುವವರು ಹೊರದೇಶಗಳಲ್ಲಿ ಬಹಳ ಮಂದಿ ಇದ್ದಾರೆ.

ಮರ, ಚೀಲ, ಕಪಾಟು

ಹಿಂದಿನ ಮರಕ್ಕೆ ಅಗಸೆ ಎಣ್ಣೆ ಹಳೆಯ ಕಾಲದಿಂದ ಬಂದದ್ದು. ಜನವರಿ-ಫೆಬ್ರವರಿಯಲ್ಲಿ ಹಚ್ಚಿ. ಮಳೆಯಲ್ಲಿ ಹಸಿ ಅಗಸೆ ಎಣ್ಣೆ ಆರದೆ ಬೂಷ್ಟು ಹಿಡಿಯುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿ ಬಿಸಾಡಿ.

ಎಣ್ಣೆ ಹಚ್ಚಿದ ಕೋವಿಯನ್ನು ನಳಿಗೆ ಮೇಲೆ ಮಾಡಿ ನಿಲ್ಲಿಸುವುದು ನಮ್ಮ ಅಭ್ಯಾಸ. ಎಣ್ಣೆಯೆಲ್ಲ ನಿಧಾನವಾಗಿ ಬೀಗಕ್ಕೆ, ಅಲ್ಲಿಂದ ಮರಕ್ಕೆ ಇಳಿದು ಮರ ಮೆತ್ತಗಾಗುತ್ತದೆ. ಮೊದಲ ಎರಡು ದಿನ ನಳಿಗೆ ಕೆಳಗೆ ಮಾಡಿ, ಅಡಿಗೊಂದು ಬಟ್ಟೆ ಹಾಕಿ ನಿಲ್ಲಿಸಿ.

ರೆಕ್ಸಿನ್ ಚೀಲ, ಚರ್ಮದ ಉರೆ ಕೊಂಡುಹೋಗಲಿಕ್ಕೆ ಮಾತ್ರ. ಮಳೆಗಾಲದಲ್ಲಿ ಅದರೊಳಗೆ ಇಟ್ಟ ಕೋವಿ ಬೆವರುತ್ತಲೇ ಇರುತ್ತದೆ. ಬೀಗ ಹಾಕಿದ ಕಪಾಟಿನಲ್ಲಿ ಸಿಲಿಕಾ ಜೆಲ್ ಇಡಬಹುದು. ನೀಲಿ ಹರಳು ಗುಲಾಬಿಗೆ ತಿರುಗಿದರೆ ಒಲೆಯ ಸಣ್ಣ ಉರಿಯಲ್ಲಿ, ಅಡುಗೆಗೆ ಬಳಸದ ಒಂದು ಹಳೆಯ ಬಾಣಲೆಯಲ್ಲಿ ಮತ್ತೆ ನೀಲಿಯಾಗುವವರೆಗೆ ಹುರಿಯಿರಿ. ಆಗಾಗ ಬಾಗಿಲು ತೆರೆಯುವ ಕಪಾಟಿಗೆ ಅದು ಕೆಲವೇ ದಿನ ಬರುತ್ತದೆ. ಹಿಂದೆ ಕಪಾಟಿನೊಳಗೆ ಸಣ್ಣ ಬಲ್ಬ್ ಉರಿಸುತ್ತಿದ್ದರು, ಒಳಗೆ ಸ್ವಲ್ಪ ಬಿಸಿಯಾಗಿ ತೇವ ಕಮ್ಮಿಯಾಗುತ್ತಿತ್ತು. ಈಗಿನ ಎಲ್‌ಇಡಿಗೆ ಅಷ್ಟು ಬಿಸಿ ಇಲ್ಲ.

ಏರ್ ರೈಫಲ್ ಇರುವವರು ಈ ಬರಹದ ಯಾವ ಎಣ್ಣೆಯನ್ನೂ ಗಾಳಿಯ ಕೋಣೆಗೆ ಹಾಕಬೇಡಿ. ಒತ್ತಡಕ್ಕೆ ಖನಿಜ ಎಣ್ಣೆ ಒಳಗೇ ಹೊತ್ತಿಕೊಳ್ಳುತ್ತದೆ. ಅಲ್ಲಿಗೆ ಸಿಲಿಕೋನ್ ಮಾತ್ರ.

ಯಾರಿಗೆ ಯಾವುದು

ತೋಟದಲ್ಲಿ ಆಗಾಗ ಕೈಗೆತ್ತಿಕೊಳ್ಳುವ ತೋಟೆ ಕೋವಿಯಾದರೆ ಬೀಗಕ್ಕೆ ಹೊಲಿಗೆ ಮೆಷಿನ್ ಎಣ್ಣೆ, ಪಿನ್ನಿಗೆ ಗ್ರೀಸ್, ಹೊರಗೆ ಮೇಣ, ನೆನೆದ ದಿನಕ್ಕೆ ಡಬ್ಲ್ಯುಡಿ-40. ಸಮುದ್ರದ ಬದಿಯವರು ಮೇಣದ ಬದಲು ವ್ಯಾಸಲೀನನ್ನೇ ನಂಬಿ, ಕೈ ಜಾರಿದರೂ ಪರವಾಗಿಲ್ಲ. ಖರ್ಚು ಮಾಡಲು ಮನಸ್ಸಿದ್ದವರು ಬ್ಯಾಲಿಸ್ಟಾಲ್ ತರಿಸಿ ಬೀಗ, ನಳಿಗೆ, ಮರ ಎಲ್ಲಕ್ಕೂ ಅದೊಂದನ್ನೇ ಬಳಸಿ, ಪಿನ್ನಿಗೆ ಮಾತ್ರ ಗ್ರೀಸ್. ಪೂರ್ತಿ ಬಿಚ್ಚಿ ಹಚ್ಚುವ ಕೆಲಸವನ್ನು ಪತ್ತನಾಜೆಯ (ಮೇ ಕೊನೆಯ ವಾರದ ಹೊತ್ತು) ಒಳಗೆ ಮುಗಿಸಿದರೆ ಒಳ್ಳೆಯದು, ಗಾಳಿ ಇನ್ನೂ ಅಷ್ಟು ಒದ್ದೆಯಾಗಿರುವುದಿಲ್ಲ.

ಇನ್ನು ಚುನಾವಣೆ. ಆ ಹೊತ್ತಿಗೆ ಕೋವಿಯನ್ನು ಠೇವಣಿ ಇಡಲು ಆದೇಶ ಬಂದರೆ ಅದು ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಹೋಗುತ್ತದೆ. 2024ರಲ್ಲಿ ನೀತಿ ಸಂಹಿತೆ ಬಂದದ್ದು ಮಾರ್ಚ್ 16ಕ್ಕೆ, ನಮ್ಮಲ್ಲಿ ಮತದಾನ ಏಪ್ರಿಲ್ 26, ಎಣಿಕೆ ಜೂನ್ 4. ಎರಡೂವರೆ ತಿಂಗಳಿಗೂ ಜಾಸ್ತಿ, ಅದೂ ಸೆಕೆಯಿಂದ ಮಳೆಗೆ ತಿರುಗುವ ಹೊತ್ತು. ಅಲ್ಲಿ ನೂರಾರು ಕೋವಿಗಳ ಮಧ್ಯೆ ನಿಮ್ಮದನ್ನು ಯಾರೂ ಒರೆಸುವುದಿಲ್ಲ, ಒರೆಸಬೇಕು ಅಂತ ಕೇಳುವುದೂ ಸರಿಯಲ್ಲ. ಕೊಡುವ ಮೊದಲು ಒಳಗೂ ಹೊರಗೂ ವ್ಯಾಸಲೀನ್ ಸವರಿ, ಹೆಸರಿನ ಚೀಟಿಯನ್ನು ಟ್ರಿಗರಿನ ಕಂಬಿಗೆ ದಾರದಲ್ಲಿ ಕಟ್ಟಿ. ಅಂಟು ಟೇಪನ್ನು ನಳಿಗೆಗೆ ಸುತ್ತಬೇಡಿ, ಅದರ ಅಡಿಯಲ್ಲೇ ಮೊದಲು ತುಕ್ಕು ಹಿಡಿಯುವುದು.

ವಾಪಸು ತಂದ ಕೂಡಲೇ ಈಡು ಹೊಡೆದು ನೋಡುವ ಆಸೆ ಬೇಡ. ನಳಿಗೆಯಲ್ಲಿ ಜಿಡ್ಡು ತುಂಬಿರುವಾಗ ಹೊಡೆದರೆ ಒತ್ತಡ ಏರುತ್ತದೆ, ಹಾಗಾಗಿ ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೆಯಬೇಕು. ಆಮೇಲೆ ನಳಿಗೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನೋಡಿ. ಕುಂಬಾರ ಹುಳಕ್ಕೆ ತಿಂಗಳುಗಟ್ಟಲೆ ನಿಂತ ನಳಿಗೆ ಅಂದರೆ ಬಹಳ ಇಷ್ಟ. ಒಳಗೆ ಮಣ್ಣಿನ ಗೂಡು ಕಟ್ಟಿದ್ದರೆ ಈಡಿನ ಹೊತ್ತಿಗೆ ನಳಿಗೆಯೇ ಒಡೆಯಬಹುದು. ಗಜಕ್ಕೆ ಒದ್ದೆ ಬಟ್ಟೆ ಸುತ್ತಿ ಮಣ್ಣನ್ನು ನೆನೆಸಿ ತೆಗೆಯಿರಿ, ಒಣಗಿದ ಮೇಲೆ ಮತ್ತೊಮ್ಮೆ ಎಣ್ಣೆ ಹಚ್ಚಿ.